ಸಹಿ ಹಾಕುವ ಮುನ್ನ

ಪತ್ರ ಬಂದದ್ದು ನನ್ನ ತಮ್ಮನ ಹೆಸರಿಗೆ. ಹೋಗಿ ಬಿದ್ದದ್ದು ಏಜೆಂಟನ ಈಮೇಲಿಗೆ.

ಕೆನಡಾದ ವಲಸೆ ಇಲಾಖೆಯ ಅಧಿಕಾರಿ ಅದರಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ನೀವು ಲಗತ್ತಿಸಿರುವ ಅನುಭವ ಪತ್ರವನ್ನು ತಾನು ಕೊಟ್ಟೇ ಇಲ್ಲವೆಂದು ನಿಮ್ಮ ಕಂಪನಿ ಹೇಳುತ್ತಿದೆ, ಇದಕ್ಕೆ ಏನು ಹೇಳುತ್ತೀರಿ? ಉತ್ತರ ಕೊಡಲು 15 ದಿನಗಳ ಗಡುವು. ತಮ್ಮನಿಗೆ ಆ ಪತ್ರದ ಸುದ್ದಿ ತಿಳಿದದ್ದು ಇಪ್ಪತ್ತಮೂರನೆಯ ದಿನ, ಅದೂ ಅವನೇ ನಾಲ್ಕನೆಯ ಸಲ ಬೆಂಗಳೂರಿನ ಆ ಗಾಜಿನ ಕಚೇರಿಗೆ ಹೋಗಿ ಕುಳಿತಾಗ. ಅಷ್ಟರಲ್ಲಿ ಅರ್ಜಿ ತಿರಸ್ಕೃತವಾಗಿತ್ತು. ಸುಳ್ಳು ಮಾಹಿತಿ ಕೊಟ್ಟವನು ಎಂಬ ಷರಾ ಬಿದ್ದು, 5 ವರ್ಷ ಕೆನಡಾದ ಬಾಗಿಲು ಮುಚ್ಚಿತ್ತು. ಇದು 2019ರ ಮಾತು.

ಅವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಆರು ವರ್ಷ ಯಂತ್ರಭಾಗಗಳ ಡಿಸೈನ್ ಮಾಡಿದವನು. ಕೆಲಸ ನಿಜ, ಸಂಬಳ ನಿಜ, ಬ್ಯಾಂಕಿನ ಲೆಕ್ಕ ನಿಜ. ಕಂಪನಿ ಕೊಟ್ಟ ಪತ್ರ ನಾಲ್ಕೇ ಸಾಲಿನದು, ಇದ್ದ ದೋಷ ಅಷ್ಟೇ. ‘ಇದು ಸಾಲದು, ನಾನು ಸರಿ ಮಾಡಿಸುತ್ತೇನೆ ಬಿಡಿ’ ಅಂದ ಏಜೆಂಟ್ ಅದೇ ಲೆಟರ್‌ಹೆಡ್ ಸ್ಕ್ಯಾನ್ ಮಾಡಿ, ಕೆನಡಾ ಸರ್ಕಾರದ ವೃತ್ತಿಪಟ್ಟಿಯಿಂದ ವಾಕ್ಯಗಳನ್ನು ಎತ್ತಿಕೊಂಡು, ಎರಡು ಪುಟದ ಹೊಸ ಪತ್ರ ತಯಾರಿಸಿದ್ದ. ತಮ್ಮ ಅದನ್ನು ಓದಿರಲಿಲ್ಲ. ಖಾತೆಯ ಪಾಸ್‌ವರ್ಡ್ ಕೂಡ ಅವನ ಬಳಿ ಇರಲಿಲ್ಲ. ಆದರೆ ಅರ್ಜಿಯ ಕೊನೆಯಲ್ಲಿ, ಇಲ್ಲಿರುವುದೆಲ್ಲ ಸತ್ಯ ಎಂಬ ಘೋಷಣೆಯ ಕೆಳಗೆ ಇದ್ದದ್ದು ಅವನದೇ ಹೆಸರು. ಏಜೆಂಟನ ಹೆಸರು ಇಡೀ ಅರ್ಜಿಯಲ್ಲಿ ಎಲ್ಲಿಯೂ ಇರಲಿಲ್ಲ.

ಈ ಲೇಖನಕ್ಕೆ ಕುಳಿತಾಗ ಆ ಕಚೇರಿಯ ಮೇಲಿನ ಸಿಟ್ಟು ನನ್ನಲ್ಲಿ ಇತ್ತು, ಈಗಲೂ ಇದೆ. ಆದರೂ ಏಜೆಂಟರ ಹತ್ತಿರ ಹೋಗಲೇಬೇಡಿ ಎಂದು ಬರೆಯಲು ನನಗೆ ಮನಸ್ಸಿಲ್ಲ. ಆಸ್ತಿ ಕೊಳ್ಳುವಾಗ ಬಲ್ಲ ವಕೀಲರಿಗೆ ಪತ್ರಗಳನ್ನು ತೋರಿಸುತ್ತೇವೆ. ದೇಶ ಬಿಟ್ಟು ದೇಶಕ್ಕೆ ಬದುಕನ್ನೇ ಸಾಗಿಸುವಾಗ ಬಲ್ಲವರೊಬ್ಬರು ಜತೆಗಿರಬೇಕು ಅನ್ನಿಸುವುದು ಸಹಜ, ಎಷ್ಟೋ ಸಲ ಅಗತ್ಯ ಕೂಡ. ತೊಂದರೆ ಇರುವುದು ನಾವು ದುಡ್ಡು ಕೊಟ್ಟು ಏನು ಕೊಳ್ಳುತ್ತಿದ್ದೇವೆ ಎಂಬ ತಿಳಿವಳಿಕೆಯಲ್ಲಿ. ನಮ್ಮ ಜನ ಏಜೆಂಟನಿಂದ ವೀಸಾ ಕೊಳ್ಳುತ್ತೇವೆ ಅಂದುಕೊಂಡಿದ್ದಾರೆ. ‘ವೀಸಾ ಮಾಡಿಸಿಕೊಡ್ತಾನೆ’ ಎಂಬ ಮಾತೇ ರೂಢಿಯಾಗಿದೆ. ವೀಸಾ ಅವನ ಅಂಗಡಿಯಲ್ಲಿ ಇಲ್ಲ.

ಅಂಗಡಿಯಲ್ಲಿ ಏನಿದೆ?

ನಿರ್ಧಾರ ಮಾಡುವವರು ಆ ದೇಶದ ಅಧಿಕಾರಿ. ನಡುವೆ ಯಾರೂ ಇಲ್ಲ. ಅರ್ಜಿ ತೆಗೆದುಕೊಂಡು ಬೆರಳಚ್ಚು ಪಡೆಯುವ ವಿಎಫ್‌ಎಸ್ ಗ್ಲೋಬಲ್ ಕೇಂದ್ರಗಳನ್ನು ನೋಡಿ ಅಲ್ಲೇ ವೀಸಾ ಕೊಡುತ್ತಾರೆಂದು ನಂಬಿದವರನ್ನು ಬಹಳ ಕಂಡಿದ್ದೇನೆ. ಅದು 2001ರಲ್ಲಿ ಮುಂಬೈಯಲ್ಲಿ ಶುರುವಾದ ಖಾಸಗಿ ಕಂಪನಿ. ಸರ್ಕಾರಗಳ ಪರವಾಗಿ ಕಾಗದ ಸಂಗ್ರಹಿಸಿ ತಲುಪಿಸುವುದು ಅದರ ಕೆಲಸ, ಒಪ್ಪುವ ಅಥವಾ ನಿರಾಕರಿಸುವ ಅಧಿಕಾರ ಅದಕ್ಕಿಲ್ಲ. ಹಾಗಾಗಿ ‘ಒಳಗೆ ನಮ್ಮವರಿದ್ದಾರೆ’ ಎಂದು ದನಿ ತಗ್ಗಿಸಿ ಹೇಳುವವನ ಎದುರಿನ ಕುರ್ಚಿಯಿಂದ ಆ ಕ್ಷಣವೇ ಏಳಬೇಕು. ‘ನೂರಕ್ಕೆ ನೂರು ಗ್ಯಾರಂಟಿ’ ಅಂದವನ ಎದುರಿನಿಂದಲೂ.

ಹಾಗಾದರೆ ಒಳ್ಳೆಯ ಸಲಹೆಗಾರ ಮಾರುವುದೇನು? ಕಾಗದವನ್ನು ಅಧಿಕಾರಿಯ ಕಣ್ಣಿನಿಂದ ಓದುವ ವಿದ್ಯೆಯನ್ನು.

ಇದು ಸಣ್ಣ ವಿದ್ಯೆಯಲ್ಲ. ನಮ್ಮ ಹೆಸರುಗಳನ್ನೇ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಎರಡು, ಪದವಿ ಪ್ರಮಾಣಪತ್ರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಊರ ಹೆಸರು ಮತ್ತು ಅಪ್ಪನ ಹೆಸರು. ಕೆಲವರಿಗೆ ಸರ್‌ನೇಮಿನ ಜಾಗವೇ ಖಾಲಿ. ಒಂದು ಕಡೆ ಮಂಜುನಾಥ, ಇನ್ನೊಂದು ಕಡೆ ಮಂಜುನಾಥ್. ಇಂಗ್ಲಿಷಿನಲ್ಲಿ ಬರೆದಾಗ ಕೊನೆಯ ಒಂದಕ್ಷರದ ಈ ವ್ಯತ್ಯಾಸ ನಮಗೆ ಏನೂ ಅನ್ನಿಸದು. ಒಟ್ಟಾವದಲ್ಲಿ ಕುಳಿತವರಿಗೆ ಅದು ಇಬ್ಬರು ಮನುಷ್ಯರು. ಇನ್ನು ಜನ್ಮದಿನ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡು, ಪಂಚಾಯಿತಿಯ ದಾಖಲೆಯಲ್ಲಿ ಬೇರೆ ತಾರೀಕು ಉಳಿದಿರುವವರು ನಮ್ಮ ಊರುಗಳಲ್ಲಿ ಮನೆಗೊಬ್ಬರಿದ್ದಾರೆ. ಬಲ್ಲ ಸಲಹೆಗಾರ ಮೊದಲ ಭೇಟಿಯಲ್ಲೇ ಎಲ್ಲ ದಾಖಲೆ ಮೇಜಿನ ಮೇಲೆ ಹರಡಿ, ಹೆಸರಿನ ಪಕ್ಕ ಹೆಸರು, ತಾರೀಕಿನ ಪಕ್ಕ ತಾರೀಕು ಇಟ್ಟು ನೋಡುತ್ತಾರೆ. ಎಲ್ಲಿ ಅಫಿಡವಿಟ್ ಸಾಕು, ಎಲ್ಲಿ ಪಾಸ್‌ಪೋರ್ಟನ್ನೇ ತಿದ್ದಿಸಬೇಕು ಎಂದು ಹೇಳುತ್ತಾರೆ.

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಕಾಯಂ ವಾಸದ ಆಯ್ಕೆ ವ್ಯವಸ್ಥೆಯನ್ನೇ ಉದಾಹರಣೆಗೆ ಹಿಡಿಯುತ್ತೇನೆ, ನಮ್ಮ ಮನೆ ಅದನ್ನು ಕಷ್ಟಪಟ್ಟು ಕಲಿತಿದೆ. 2015ರ ಜನವರಿಯಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಅಭ್ಯರ್ಥಿಗೆ ಒಟ್ಟು 1,200ಕ್ಕೆ ಅಂಕ. ವಯಸ್ಸು, ಓದು, ಭಾಷಾ ಪರೀಕ್ಷೆ, ದುಡಿದ ವರ್ಷ, ಎಲ್ಲಕ್ಕೂ ಲೆಕ್ಕವಿದೆ. ಪ್ರೊಫೈಲ್ ಹಾಕಲು ಯಾರ ಸಹಾಯವೂ ಬೇಡ, ಓದಲು ಬರೆಯಲು ಬರುವವರು ಒಂದು ಸಂಜೆಯಲ್ಲಿ ಮುಗಿಸಬಹುದು. ಅರ್ಜಿ ಹಾಕಲು ಇಲಾಖೆಯ ಕರೆ ಬಂದ ಮೇಲೆ ಆಟ ಬೇರೆ. 60 ದಿನಗಳಲ್ಲಿ ಪೂರ್ತಿ ಅರ್ಜಿ ಹೋಗಬೇಕು. ಕಳೆದ ಹತ್ತು ವರ್ಷ ತಿಂಗಳು ತಿಂಗಳೂ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂದು ನಡುವೆ ಖಾಲಿ ಬಿಡದೆ ಬರೆಯಬೇಕು. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ನಾಲ್ಕು ತಿಂಗಳೂ ಅಲ್ಲಿ ಇರಬೇಕು. ಕಂಪನಿಯ ಪತ್ರದಲ್ಲಿ ಹುದ್ದೆ, ಕೆಲಸದ ವಿವರ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು ಎಲ್ಲವೂ ಬೇಕು. ನಮ್ಮ ಕಂಪನಿಗಳ ಎಚ್‌ಆರ್ ವಿಭಾಗಗಳು ‘ಇವರು ಇಂಥ ದಿನದಿಂದ ಇಂಥ ದಿನದವರೆಗೆ ಇಲ್ಲಿ ಕೆಲಸ ಮಾಡಿದ್ದಾರೆ, ಒಳ್ಳೆಯದಾಗಲಿ’ ಎಂದು ಮುಗಿಸುವುದೇ ಹೆಚ್ಚು.

ಇಲ್ಲಿಯೇ ನನ್ನ ತಮ್ಮ ಎಡವಿದ್ದು. ದುಃಖವಾಗುವುದು ಯಾಕೆಂದರೆ ಇದಕ್ಕೆ ನೇರ ದಾರಿ ಇತ್ತು. ಕಂಪನಿ ಪೂರ್ಣ ಪತ್ರ ಕೊಡದಿದ್ದರೆ, ಯಾಕೆ ಕೊಡಲಿಲ್ಲ ಎಂದು ವಿವರಿಸುವ ನಿಮ್ಮದೇ ಪತ್ರ, ನೇಮಕಾತಿ ಆದೇಶ, ಸಂಬಳದ ಚೀಟಿ, ಫಾರಂ 16, ಭವಿಷ್ಯನಿಧಿಯ ಲೆಕ್ಕ, ಮೇಲಧಿಕಾರಿಯೊಬ್ಬರು ತಮ್ಮ ಹೆಸರಿನಲ್ಲೇ ಬರೆದ ಹೇಳಿಕೆ, ಇವನ್ನೆಲ್ಲ ಜೋಡಿಸಿ ಕೊಡಬಹುದು. ಅಧಿಕಾರಿ ಒಪ್ಪಬಹುದು, ಒಪ್ಪದೆಯೂ ಇರಬಹುದು. ಒಪ್ಪದಿದ್ದರೆ ಅರ್ಜಿ ಬೀಳುತ್ತಿತ್ತು, ಆರು ತಿಂಗಳ ಮೇಲೆ ಮತ್ತೆ ಹಾಕಬಹುದಿತ್ತು. ಸುಳ್ಳು ಕಾಗದ ಇಟ್ಟದ್ದರಿಂದ ವಿಷಯ ಕೆನಡಾದ ವಲಸೆ ಕಾಯ್ದೆಯ 40ನೇ ಸೆಕ್ಷನ್ನಿಗೆ ಹೋಯಿತು. ಆ ಸೆಕ್ಷನ್ ಸುಳ್ಳು ಯಾರ ಕೈಯಿಂದ ಬಂತೆಂದು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಅರ್ಜಿ ಯಾರದೋ ಹೊಣೆ ಅವರದು.

ಎಲ್ಲ ಮುಗಿದ ಮೇಲೆ ನಾವು ಟೊರೊಂಟೊದ ಪರವಾನಗಿ ಇರುವ ಸಲಹೆಗಾರ್ತಿಯೊಬ್ಬರನ್ನು ವಿಡಿಯೊದಲ್ಲಿ ಕಂಡೆವು. ಒಂದು ಗಂಟೆಯ ಫೀ ಮೊದಲೇ ತಿಳಿಸಿದ್ದರು, ರಸೀದಿ ಕಳಿಸಿದ್ದರು. ಅರ್ಧ ಗಂಟೆ ಅವರು ಏನೂ ಹೇಳಲಿಲ್ಲ, ಬರೀ ಓದಿದರು. ಆಮೇಲೆ ಹೇಳಿದ್ದು ಇಷ್ಟು: ದೇಶದ ಹೊರಗೆ ಆದ ನಿರ್ಧಾರವನ್ನು ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಲು 60 ದಿನ ಅವಕಾಶವಿದೆ, ಅದು ವಕೀಲರ ಕೆಲಸ, ನನ್ನದಲ್ಲ. ಪತ್ರ ನಕಲಿ ಎಂಬುದು ನಿಜವಾದ್ದರಿಂದ ಗೆಲ್ಲುವುದು ಕಷ್ಟ ಎಂದು ನನ್ನ ಅಭಿಪ್ರಾಯ, ಬೇಕಿದ್ದರೆ ವಕೀಲರನ್ನೂ ಕೇಳಿ. ಇನ್ನು ಈ 5 ವರ್ಷ ಕಾಯಂ ವಾಸದ ಅರ್ಜಿಗೆಂದು ಯಾರಿಗೂ ಒಂದು ರೂಪಾಯಿಯನ್ನೂ ಕೊಡಬೇಡಿ, ನನಗೂ.

ನಮ್ಮ ಮನೆಯವರು ವೀಸಾ ವಿಚಾರಕ್ಕೆ ಖರ್ಚು ಮಾಡಿದ ಹಣದಲ್ಲಿ ಪೂರ್ತಿ ಬೆಲೆ ಬಾಳಿದ್ದು ಆ ಒಂದು ಗಂಟೆಯ ಫೀ ಮಾತ್ರ.

ಯಾರಿಗೆ ಹಕ್ಕಿದೆ?

ಕೆನಡಾದಲ್ಲಿ ವಲಸೆ ಅರ್ಜಿಗೆ ಹಣ ಪಡೆದು ಸಲಹೆ ಕೊಡುವ ಹಕ್ಕು ಕಾನೂನಿನ ಪ್ರಕಾರ ವಕೀಲರಿಗೆ, ವಕೀಲರ ಸಂಘದ ಪರವಾನಗಿ ಇರುವ ಪ್ಯಾರಾಲೀಗಲ್ಲುಗಳಿಗೆ, ಕ್ವಿಬೆಕ್‌ನ ನೋಟರಿಗಳಿಗೆ, ಮತ್ತು ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ ಎಂಬ ನಿಯಂತ್ರಣ ಸಂಸ್ಥೆಯ ಸದಸ್ಯರಿಗೆ ಮಾತ್ರ. ಹೆಸರಿನಲ್ಲಿ ಕಾಲೇಜ್ ಇದ್ದರೂ ಅದು ಪಾಠಶಾಲೆಯಲ್ಲ, ನಮ್ಮ ವೈದ್ಯಕೀಯ ಪರಿಷತ್ತಿನಂಥದು. 2021ರ ನವೆಂಬರ್‌ನಲ್ಲಿ ಕೆಲಸ ಶುರು ಮಾಡಿತು. ಸುಮಾರು ಎರಡು ದಶಕದೊಳಗೆ ಈ ವೃತ್ತಿಯನ್ನು ಹದ್ದುಬಸ್ತಿಗೆ ತರಲು ಕೆನಡಾ ಕಟ್ಟಿದ ಮೂರನೆಯ ಸಂಸ್ಥೆ ಇದು. ಹಿಂದಿನ ಎರಡೂ ಸಾಲದೆ ಹೋದವು ಎಂಬುದೇ ಈ ವ್ಯಾಪಾರದ ಜಿಗುಟುತನವನ್ನು ಹೇಳುತ್ತದೆ. ಸದಸ್ಯರ ಪಟ್ಟಿ ಸಂಸ್ಥೆಯ ವೆಬ್‌ಸೈಟಿನಲ್ಲಿ ತೆರೆದೇ ಇದೆ. ಹೆಸರು ಹೊಡೆದರೆ ಪರವಾನಗಿ ಚಾಲ್ತಿಯಲ್ಲಿದೆಯೇ ಇಲ್ಲವೇ ಕಾಣುತ್ತದೆ.

ಹೀಗೆ ಸಲಹೆ ಕೊಟ್ಟವರ ಹೆಸರನ್ನು ಇಲಾಖೆಗೆ ತಿಳಿಸಲು ಒಂದು ಫಾರಂ ಇದೆ, ಐಎಂಎಂ 5476. ನಿಮ್ಮಿಂದ ಹಣ ಪಡೆದು, ಈ ಫಾರಮ್ಮಿನಲ್ಲಿ ಮಾತ್ರ ತನ್ನ ಹೆಸರು ಬೇಡವೆನ್ನುವವನನ್ನು ಅಲ್ಲಿಯವರು ಘೋಸ್ಟ್ ಕನ್ಸಲ್ಟೆಂಟ್ ಅನ್ನುತ್ತಾರೆ. ಭೂತ ಸಲಹೆಗಾರ. ಹೆಸರು ಸರಿಯಾಗಿದೆ. ಕೆಲಸವೆಲ್ಲ ಅವನದು, ಹೆಜ್ಜೆ ಗುರುತು ಮಾತ್ರ ಇಲ್ಲ. ನನ್ನ ತಮ್ಮನ ಕಡತದಲ್ಲಿ ಆ ಫಾರಂ ಇರಲಿಲ್ಲ. ಆ ಒಂದು ಫಾರಂ ಕೇಳಿದ್ದರೆ ಸಾಕಿತ್ತು ಎಂದು ಎಷ್ಟೋ ರಾತ್ರಿ ಅನ್ನಿಸಿದೆ.

ಬ್ರಿಟನ್ನಿನಲ್ಲಿ 1999ರ ಕಾಯ್ದೆಯಿಂದೀಚೆಗೆ ನೋಂದಣಿ ಇಲ್ಲದೆ ವಲಸೆ ಸಲಹೆ ಕೊಡುವುದು ಅಪರಾಧ. ಅಲ್ಲಿನ ನಿಯಂತ್ರಕರ ಹೆಸರು 2025ರ ಜನವರಿಯಿಂದ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ ಎಂದಾಗಿದೆ. ಆಸ್ಟ್ರೇಲಿಯಾದ ನೋಂದಾಯಿತ ಏಜೆಂಟರಿಗೆ ಏಳು ಅಂಕಿಯ ಸಂಖ್ಯೆ ಇರುತ್ತದೆ, ಆದರೆ ಆ ಕಾನೂನಿನ ಕೈ ಅವರ ಗಡಿಯಾಚೆಗೆ ಚಾಚುವುದಿಲ್ಲ. ನ್ಯೂಜಿಲೆಂಡಿನದು 2010ರಿಂದ ಹೊರದೇಶದಲ್ಲಿ ಕುಳಿತವರಿಗೂ ಅನ್ವಯ. ಬೆಂಗಳೂರಿನಲ್ಲಿ ಕುಳಿತು ಆಕ್ಲೆಂಡಿನ ವೀಸಾ ಬಗ್ಗೆ ಸಲಹೆ ಕೊಡುವವರಿಗೂ ವಕೀಲರಂಥ ಕೆಲವು ವಿನಾಯಿತಿ ಬಿಟ್ಟರೆ ಅಲ್ಲಿನ ಪರವಾನಗಿ ಬೇಕು.

ಇನ್ನು ನಮ್ಮಲ್ಲಿ? 1983ರ ವಲಸೆ ಕಾಯ್ದೆ ಹೊರದೇಶದ ಕೆಲಸಕ್ಕೆ ಜನರನ್ನು ನೇಮಿಸುವವರನ್ನು ಹಿಡಿಯುತ್ತದೆ. ಓದಲು ಕಳಿಸುವವರು, ಪಿಆರ್, ಅಂದರೆ ಕಾಯಂ ವಾಸ, ಮಾಡಿಸಿಕೊಡುವವರು ಅದರ ಬಲೆಗೆ ಬೀಳುವುದಿಲ್ಲ. ಪಂಜಾಬ್ ತನ್ನ ಮಕ್ಕಳು ಮೋಸಹೋಗುವುದನ್ನು ನೋಡಿ ನೋಡಿ 2012ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು. ಬೆಂಗಳೂರಿನ ರಸ್ತೆಗಳಲ್ಲಿ ‘ಓವರ್‌ಸೀಸ್’ ಎಂಬ ಬೋರ್ಡು ಹಾಕಿಕೊಂಡು ಕುಳಿತ ಎಷ್ಟೋ ಕಚೇರಿಗಳನ್ನು ಕಂಡಾಗ, ಅವುಗಳಲ್ಲಿ ಪ್ರಾಮಾಣಿಕರು ಇದ್ದೇ ಇರುತ್ತಾರೆ ಎಂದು ಗೊತ್ತಿದ್ದೂ, ಹೊರಗಿನಿಂದ ಅವರನ್ನು ಗುರುತಿಸಲು ಒಂದು ಗೆರೆಯೂ ಇಲ್ಲವಲ್ಲ ಎಂದು ಹೊಟ್ಟೆ ಹಿಂಡುತ್ತದೆ.

ಫೀಸೇ ಇಲ್ಲದ ಸಲಹೆ

ವಿದ್ಯಾರ್ಥಿಗಳ ಕಥೆ ಇನ್ನೂ ಸೂಕ್ಷ್ಮ. ‘ನಮ್ಮದು ಫ್ರೀ ಕೌನ್ಸೆಲಿಂಗ್ ಸಾರ್’ ಅನ್ನುತ್ತಾರೆ. ಮಗಳ ಪಿಯುಸಿ ಅಂಕಪಟ್ಟಿ ಹಿಡಿದು ಬಂದ ಅಪ್ಪನಿಗೆ ಎಷ್ಟು ಒಳ್ಳೆಯ ಜನ ಅನ್ನಿಸುತ್ತದೆ. ಅವರ ಫೀ ಕೊಡುವುದು ಹೊರದೇಶದ ಕಾಲೇಜು. ವಿದ್ಯಾರ್ಥಿ ಸೇರಿದ ಮೇಲೆ ಮೊದಲ ವರ್ಷದ ಶುಲ್ಕದಲ್ಲಿ ಒಂದು ಪಾಲು ಕಮಿಷನ್ನಾಗಿ ಬರುತ್ತದೆ. ಇದರಲ್ಲಿ ಕಾನೂನುಬಾಹಿರವಾದದ್ದು ಏನಿಲ್ಲ, ಹೆಸರಾಂತ ವಿಶ್ವವಿದ್ಯಾಲಯಗಳೂ ಏಜೆಂಟರನ್ನು ಇಟ್ಟುಕೊಂಡಿವೆ. ಆದರೆ ಕಮಿಷನ್ ಕೊಡದ ಕಾಲೇಜಿನ ಹೆಸರು ಆ ಮೇಜಿನ ಮೇಲೆ ಬರುವುದು ಅಪರೂಪ. ಮಗುವಿಗೆ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಕೊಡುವವನ ಸಂಬಳ ಆ ಉತ್ತರದಿಂದಲೇ ಹುಟ್ಟುತ್ತದೆ. ‘ಈ ಕಾಲೇಜಿನಿಂದ ನಿಮಗೆ ಎಷ್ಟು ಬರುತ್ತದೆ?’ ಎಂದು ಕೇಳಿಬಿಡಿ. ಕೇಳುವುದು ಒರಟುತನವಲ್ಲ.

2023ರಲ್ಲಿ ಕೆನಡಾದಲ್ಲಿ ಓದಿ ಮುಗಿಸಿ ಕಾಯಂ ವಾಸಕ್ಕೆ ಅರ್ಜಿ ಹಾಕಿದ ನೂರಾರು ಭಾರತೀಯ ವಿದ್ಯಾರ್ಥಿಗಳಿಗೆ, ಹೆಚ್ಚಿನವರು ಪಂಜಾಬಿನವರು, ಅವರು ಬಂದಾಗ ತೋರಿಸಿದ ಪ್ರವೇಶ ಪತ್ರವೇ ನಕಲಿ ಎಂಬ ಸುದ್ದಿ ಬಂತು. ಅವರನ್ನು ವಿಮಾನ ಇಳಿದ ಮೇಲೆ ‘ಆ ಕಾಲೇಜಿನಲ್ಲಿ ಸೀಟು ತುಂಬಿದೆ, ಇಲ್ಲಿ ಸೇರಿ’ ಎಂದು ಬೇರೆ ಕಡೆ ಸೇರಿಸಲಾಗಿತ್ತು. ಅವರು ಓದಿದರು, ದುಡಿದರು, ತೆರಿಗೆ ಕಟ್ಟಿದರು. ವರ್ಷಗಳ ಮೇಲೆ ಗಡೀಪಾರಿನ ನೋಟಿಸು. ಮಕ್ಕಳು ಟೊರೊಂಟೊ ಪಕ್ಕದಲ್ಲಿ ಟೆಂಟು ಹಾಕಿ ಕುಳಿತ ಮೇಲೆ ಸರ್ಕಾರ ಒಂದೊಂದು ಪ್ರಕರಣವನ್ನೂ ಬಿಡಿಯಾಗಿ ನೋಡಲು ತಂಡ ರಚಿಸಿತು. ಮೋಸಹೋದವರನ್ನೂ ಮೋಸ ಮಾಡಿದವರನ್ನೂ ಬೇರೆ ಮಾಡಿತು. ಆ ವರ್ಷದ ಡಿಸೆಂಬರ್ 1ರಿಂದ ಪ್ರತಿ ಪ್ರವೇಶ ಪತ್ರವನ್ನೂ ಕಾಲೇಜೇ ನೇರವಾಗಿ ಇಲಾಖೆಗೆ ದೃಢಪಡಿಸಬೇಕೆಂಬ ನಿಯಮ ಬಂತು. ಪತ್ರ ಕೈಗೆ ಬಂದ ದಿನ ಆ ಕಾಲೇಜಿಗೆ ನಾವೇ ಒಂದು ಈಮೇಲ್ ಕಳಿಸಿ ಕೇಳುವುದಕ್ಕೆ ಮಾತ್ರ ಎಂದೂ ಯಾವ ನಿಯಮವೂ ಬೇಕಿರಲಿಲ್ಲ.

ಕರಾವಳಿಯ ಲೆಕ್ಕ

ನಾನು ಬೆಳೆದ ಕುಂದಾಪುರದ ಕಡೆ ಪರದೇಶ ಅಂದರೆ ಕೆನಡಾ ಅಲ್ಲ, ಗಲ್ಫ್. ಭಟ್ಕಳದಿಂದ ಮಂಗಳೂರಿನವರೆಗೆ ಕಡಲ ಬದಿಯ ಎಷ್ಟು ಮನೆಗಳು ದುಬೈ, ಮಸ್ಕತ್, ದೋಹಾದ ದುಡ್ಡಿನಲ್ಲಿ ಎದ್ದಿವೆಯೋ! ಒಬ್ಬ ಹೋಗಿ, ತಮ್ಮನನ್ನು ಕರೆಸಿಕೊಂಡು, ಆಮೇಲೆ ಭಾವನನ್ನು, ಪಕ್ಕದ ಮನೆಯ ಹುಡುಗನನ್ನು ಕರೆಸಿಕೊಂಡ. ಈ ಸರಪಳಿಯೇ ಹಲವರ ಪಾಲಿಗೆ ಏಜೆನ್ಸಿ. ಅದರಿಂದ ಬಹಳ ಒಳ್ಳೆಯದಾಗಿದೆ. ಆದರೆ ಸರಪಳಿ ಇಲ್ಲದವನು ಪೇಟೆಯ ಮಹಡಿ ಮೇಲಿನ ಕಚೇರಿಗೆ ಹೋಗುತ್ತಾನೆ, ಮತ್ತು ಅಲ್ಲಿ ಅವನಿಗೆ ತನ್ನ ಹಕ್ಕುಗಳ ಲೆಕ್ಕ ಗೊತ್ತಿರುವುದಿಲ್ಲ.

ಲೆಕ್ಕ ಹೀಗಿದೆ. ಹೊರದೇಶದ ಕೆಲಸಕ್ಕೆ ನೇಮಕ ಮಾಡುವ ಏಜೆಂಟನಿಗೆ ವಿದೇಶಾಂಗ ಸಚಿವಾಲಯದ ನೋಂದಣಿ ಬೇಕು, ಅದಕ್ಕೆ ಅವನು ಸಾಮಾನ್ಯವಾಗಿ 50 ಲಕ್ಷ ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಇಟ್ಟಿರುತ್ತಾನೆ. ಅವನು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಲೇಬೇಕು. ನೋಂದಣಿ ಸಂಖ್ಯೆಯನ್ನು ಕಚೇರಿಯಲ್ಲಿ ಮತ್ತು ಜಾಹೀರಾತಿನಲ್ಲಿ ಕಾಣುವಂತೆ ಹಾಕಬೇಕು. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವನ ಹೆಸರು ಇದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು. ಯುಎಇಯ ಕಾರ್ಮಿಕ ಕಾನೂನು ನೇಮಕದ ಖರ್ಚನ್ನು ಕೆಲಸಗಾರನ ತಲೆಗೆ ಕಟ್ಟುವುದನ್ನೇ ನಿಷೇಧಿಸಿದೆ. ಇಷ್ಟೆಲ್ಲ ಇದ್ದೂ ಹೆಂಡತಿಯ ಬಳೆ ಅಡವಿಟ್ಟು ಲಕ್ಷಗಟ್ಟಲೆ ಎಣಿಸಿ ಕೊಟ್ಟವರು ನನಗೆ ಗೊತ್ತು. ಕಾನೂನಿನ ಇನ್ನೊಂದು ಮುಖವನ್ನೂ ಹೇಳಬೇಕು: ನೋಂದಣಿ ಇಲ್ಲದೆ ಜನ ಕಳಿಸಿದವನಿಗೆ 1983ರ ಕಾಯ್ದೆ ಇಟ್ಟ ಶಿಕ್ಷೆ ಹೆಚ್ಚೆಂದರೆ 2 ವರ್ಷ ಸೆರೆ, 2,000 ರೂಪಾಯಿ ದಂಡ. ಆ ದಂಡದ ಮೊತ್ತ ಓದಿದಾಗ ಮುದ್ರಣ ದೋಷವೇನೋ ಅಂದುಕೊಂಡಿದ್ದೆ.

ಹತ್ತನೆಯ ತರಗತಿ ಮುಗಿಸದವರ ಪಾಸ್‌ಪೋರ್ಟಿಗೆ ಇಸಿಆರ್ ಎಂಬ ಗುರುತು ಇರುತ್ತದೆ. ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಅವರು ಕೆಲಸಕ್ಕೆ ಹೋಗುವ ಮುನ್ನ ವಲಸಿಗರ ರಕ್ಷಣಾಧಿಕಾರಿಯ ಒಪ್ಪಿಗೆ ಬೇಕು. ಆ ಅಧಿಕಾರಿ ಕೆಲಸದ ಕರಾರು, ಸಂಬಳ, ವಿಮೆ ನೋಡುತ್ತಾರೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಂತು ಕಟ್ಟಿದರೆ, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ 10 ಲಕ್ಷ ರೂಪಾಯಿ. ‘ಈ ಕಿರಿಕಿರಿ ಯಾಕೆ, ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸಿಕೊಡುತ್ತೇವೆ’ ಅನ್ನುವ ಏಜೆಂಟ್ ನಿಮ್ಮಿಂದ ಕಿತ್ತುಕೊಳ್ಳುತ್ತಿರುವುದು ಇದಿಷ್ಟನ್ನು. ‘ಆಜಾದ್ ವೀಸಾ’ ಎಂಬ ಸಿಹಿ ಹೆಸರಿನದೂ ಅಂಥದೇ. ಕಾಗದದಲ್ಲಿ ಒಬ್ಬ ಕಫೀಲ್ (ಪ್ರಾಯೋಜಕ), ದುಡಿಯುವುದು ಇನ್ನೆಲ್ಲೋ. ಆಜಾದ್ ಅಂದರೆ ಸ್ವತಂತ್ರ, ಸಿಕ್ಕಿಬಿದ್ದ ದಿನ ಯಾರೂ ನಮ್ಮವನೆಂದು ಹೇಳದ ಸ್ವಾತಂತ್ರ್ಯ.

ಕಲಬುರಗಿ ಜಿಲ್ಲೆಯ ಮೂವರು ಯುವಕರನ್ನು ನೆನೆಯದೆ ಮುಂದೆ ಹೋಗಲಾರೆ. ರಷ್ಯಾದಲ್ಲಿ ಭದ್ರತಾ ಕೆಲಸ ಎಂದು ನಂಬಿ ಹೋದವರು ಉಕ್ರೇನ್ ಯುದ್ಧದ ಕಂದಕಗಳ ಹತ್ತಿರ ತಲುಪಿದರು. 2024ರ ಸೆಪ್ಟೆಂಬರ್‌ನಲ್ಲಿ ಮನೆ ಸೇರಿದರು. ಹಾಗೆ ಹೋದ ಎಲ್ಲರೂ ತಿರುಗಿ ಬರಲಿಲ್ಲ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸವೆಂದು ಹೊರಟು ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆಯ ಕೂಡುದೊಡ್ಡಿಗಳಲ್ಲಿ ಬಂಧಿಯಾದವರನ್ನು 2025ರಲ್ಲಿ ವಾಯುಪಡೆಯ ವಿಮಾನ ಕಳಿಸಿ ಕರೆತರಬೇಕಾಯಿತು. ಕೆಲಸ ಒಂದು ದೇಶದಲ್ಲಿ, ವೀಸಾ ಪ್ರವಾಸದ್ದು, ಮಾತು ವಾಟ್ಸ್‌ಆ್ಯಪಿನಲ್ಲಿ. ಈ ಮೂರು ಕೂಡಿದಲ್ಲಿ ಅಪಾಯ ಕಾದು ಕುಳಿತಿರುತ್ತದೆ.

ಇದಕ್ಕೆ ಎದುರಾಗಿ ನಮ್ಮ ಹಕ್ಕಿಪಿಕ್ಕಿ ಸಮುದಾಯವನ್ನು ನೋಡಿ. ಶಿವಮೊಗ್ಗ, ದಾವಣಗೆರೆ, ಹುಣಸೂರು ಕಡೆಯ ಈ ಜನ ಕೂದಲೆಣ್ಣೆ, ಮೂಲಿಕೆ ಮಾರಲು ಆಫ್ರಿಕಾದ ದೇಶಗಳಿಗೆ ವರ್ಷಗಳಿಂದ ಹೋಗಿಬರುತ್ತಾರೆ. ಯಾವ ದೇಶಕ್ಕೆ ಯಾವ ಕಾಗದ ಎಂಬುದನ್ನು ಹಾಡಿಯ ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಎದ್ದಾಗ ಅಲ್ಲಿ ಸಿಲುಕಿದವರಲ್ಲಿ ಇವರ ಹಲವು ಕುಟುಂಬಗಳಿದ್ದವು, ಆಪರೇಷನ್ ಕಾವೇರಿಯಲ್ಲಿ ಮರಳಿದರು. ಯುದ್ಧವನ್ನು ಯಾವ ಸಲಹೆಗಾರನೂ ಮುಂಗಾಣಲಾರ. ಆದರೆ ಹೋಗುವವನಿಗೆ ಹೋಗಿಬಂದವನೇ ಹೇಳಿಕೊಡುವ ಅವರ ಪದ್ಧತಿಯಲ್ಲಿ ಕಾಗದ ಸದಾ ಹೋಗುವವನ ಕೈಯಲ್ಲೇ ಇರುತ್ತದೆ. ಅದನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಸರ್ಕಾರದ ದಾರಿ ಬೇಕೆನ್ನುವವರಿಗೆ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದಡಿ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ, ನಮ್ಮ ತಾಲ್ಲೂಕುಗಳಲ್ಲಿ ಅದರ ಹೆಸರು ಕೇಳಿದವರು ತೀರ ಕಡಿಮೆ.

ವಕೀಲರು ಯಾರ ಕಡೆ?

ಅಮೆರಿಕದ ಮಾತು ಬೇಗ ಮುಗಿಸುತ್ತೇನೆ, ಅದರ ಸುದ್ದಿ ದಿನವೂ ಪತ್ರಿಕೆಯಲ್ಲಿ ಇದ್ದೇ ಇರುತ್ತದೆ. ವರ್ಷಕ್ಕೆ 85,000 ಹೊಸ ಎಚ್-1ಬಿ ಉದ್ಯೋಗ ವೀಸಾ, ಅದಕ್ಕೆ ಲಾಟರಿ, 2025ರ ಸೆಪ್ಟೆಂಬರ್‌ನ ಅಧ್ಯಕ್ಷರ ಘೋಷಣೆಯಿಂದ ಹೊರಗಿನಿಂದ ಬರುವ ಹೊಸಬರ ಅರ್ಜಿಗೆ 1,00,000 ಡಾಲರ್. ಬೆಂಗಳೂರಿನ ಐಟಿ ಮನೆಗಳಿಗೆ ಇವೆಲ್ಲ ಬಾಯಿಪಾಠ. ಹೆಚ್ಚು ಜನ ಗಮನಿಸದ ಸಂಗತಿ ಒಂದಿದೆ. ಎಚ್-1ಬಿ ಅರ್ಜಿ ಹಾಕುವುದು ಕಂಪನಿ, ನೌಕರನಲ್ಲ. ‘ನಮ್ಮ ಲಾಯರ್’ ಎಂದು ನೌಕರ ಹೇಳುವ ವ್ಯಕ್ತಿಯನ್ನು ನೇಮಿಸಿದ್ದು, ಅವರ ಬಿಲ್ಲು ಕಟ್ಟುವುದು ಕಂಪನಿ. ಗ್ರೀನ್ ಕಾರ್ಡಿನ ಮೊದಲ ಹಂತದ ವಕೀಲಿ ಖರ್ಚನ್ನು ಕಂಪನಿಯೇ ಕೊಡಬೇಕೆಂದು 2007ರಿಂದ ನಿಯಮವೂ ಇದೆ. ಹಿತ ಒಂದೇ ಆಗಿರುವವರೆಗೆ ತೊಂದರೆಯಿಲ್ಲ. ಕೆಲಸ ಹೋದ ದಿನ ಹಿತಗಳು ಎರಡಾಗುತ್ತವೆ. ಆಮೇಲೆ ಅಲ್ಲಿ ಉಳಿದು ದಾರಿ ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ಹೆಂಡತಿ, ಮಕ್ಕಳ ಶಾಲೆ, ಮನೆ ಸಾಲ ಎಲ್ಲದರ ಲೆಕ್ಕ ಆ 60 ದಿನಗಳಲ್ಲಿ. ಅಲ್ಲಿರುವ ಕನ್ನಡಿಗ ಗೆಳೆಯರಿಗೆ ನಾನು ಹೇಳುವುದು ಒಂದೇ: ಎಲ್ಲ ಸರಿಯಿರುವಾಗಲೇ ಸ್ವಂತ ಖರ್ಚಿನಲ್ಲಿ ನಿಮ್ಮದೇ ವಕೀಲರೊಬ್ಬರ ಜತೆ ಒಂದು ಗಂಟೆ ಕುಳಿತುಕೊಳ್ಳಿ, ನಿಮ್ಮ ಕಡತದ ಪ್ರತಿಗಳನ್ನು ಕಂಪನಿಯಿಂದ ಕೇಳಿ ಪಡೆದು ಮನೆಯಲ್ಲಿಡಿ.

ಎಲ್ಲದಕ್ಕೂ ವೃತ್ತಿಪರರು ಬೇಕಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಯುರೋಪ್ ನೋಡಿ ಬರುವ ಷೆಂಗನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯುರೊ. ಅದರ ಮೇಲೆ ಫಾರಂ ತುಂಬಲು ಸಾವಿರಾರು ರೂಪಾಯಿ ಕೊಡುವ ಅಗತ್ಯ ಓದುಬರಹ ಬಲ್ಲವರಿಗೆ ಇಲ್ಲ. ಹಿಂದೆ ಎಲ್ಲಾದರೂ ತಿರಸ್ಕೃತರಾಗಿದ್ದರೆ, ಪೊಲೀಸ್ ಪ್ರಕರಣವಿದ್ದರೆ, ವಿಚ್ಛೇದನವಾಗಿ ಮಗು ಜತೆಗಿದ್ದರೆ, ಕಾಯಿಲೆಯ ಚರಿತ್ರೆ ಇದ್ದರೆ, ಆಗ ಖಂಡಿತ ಬಲ್ಲವರ ಬಳಿ ಹೋಗಿ. ಅಂಥವರಿಂದ ಲಿಖಿತ ಕರಾರು ಕೇಳಿ. ಎಷ್ಟು ಫೀ, ಯಾವ ಕೆಲಸಕ್ಕೆ, ಬಿಟ್ಟುಹೋದರೆ ಎಷ್ಟು ವಾಪಸು ಎಂಬುದು ಅದರಲ್ಲಿರಲಿ. ಸರ್ಕಾರದ ಶುಲ್ಕ ಬೇರೆ, ಅವರ ಫೀ ಬೇರೆ ಎಂದು ಎರಡು ಸಾಲಿನಲ್ಲಿ ಬರೆಸಿಕೊಳ್ಳಿ. ಕೆನಡಾದ ಕಾಯಂ ವಾಸಕ್ಕೆ ಸರ್ಕಾರ ಕೇಳುವುದು 2024ರ ಏಪ್ರಿಲ್ ದರದಂತೆ ಒಬ್ಬರಿಗೆ 1,525 ಡಾಲರ್, ಅದನ್ನು ಯಾರು ಬೇಕಾದರೂ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಬಹುದು. ಮೂಲ ಪಾಸ್‌ಪೋರ್ಟನ್ನು ಯಾರ ಡ್ರಾಯರಿನಲ್ಲೂ ಬಿಡಬೇಡಿ.

110 ಮತ್ತು 77

ತಮ್ಮನ 5 ವರ್ಷ 2024ರಲ್ಲಿ ಮುಗಿಯಿತು. ಮೊದಲ ಸಲ ಪ್ರೊಫೈಲ್ ಹಾಕಿದಾಗ ಅವನಿಗೆ 29. ಒಂಟಿಯಾಗಿ ಅರ್ಜಿ ಹಾಕುವವರಿಗೆ ಆ ವಯಸ್ಸಿನವರೆಗೆ ಪೂರ್ತಿ 110 ಅಂಕ. ಈಗ ಅವನಿಗೆ 35, ಆ ಕಾಲಂನಲ್ಲಿ ಈಗ 77. ಕಳೆದುಹೋದ 33 ಅಂಕಕ್ಕೆ ಯಾವ ನ್ಯಾಯಾಲಯದಲ್ಲೂ ದಾವೆ ಹೂಡಲಾಗದು. ಅವನು ಫ್ರೆಂಚ್ ಕಲಿಯಲು ಸೇರಿದ್ದಾನೆ, ಅದಕ್ಕೆ ಹೆಚ್ಚಿನ ಅಂಕವಿದೆ. ಆಫೀಸು ಮುಗಿಸಿ ಬಂದು ರಾತ್ರಿ ಹತ್ತರವರೆಗೆ ಕ್ರಿಯಾಪದಗಳನ್ನು ಗುನುಗುತ್ತಾನೆ. ಅಮ್ಮ ಊಟ ಆರುತ್ತದೆ ಅನ್ನುತ್ತಾಳೆ.

ಈ ಸಲ ಖಾತೆ ತೆರೆದದ್ದು ಅವನೇ. ಈಮೇಲಿನ ಜಾಗದಲ್ಲಿ ತನ್ನದೇ ವಿಳಾಸ ಹೊಡೆದ. ಟೊರೊಂಟೊದ ಅದೇ ಸಲಹೆಗಾರ್ತಿಗೆ ಇಡೀ ಅರ್ಜಿಯನ್ನು ಪರಿಶೀಲಿಸಲು ಮಾತ್ರ ಒಪ್ಪಿಸಿದ್ದಾನೆ, ಪ್ರತಿನಿಧಿಯ ಫಾರಮ್ಮಿನಲ್ಲಿ ಅವರ ಹೆಸರು, ಪರವಾನಗಿ ಸಂಖ್ಯೆ ಎರಡೂ ಇವೆ. ಹಿಂದೆ ಯಾವುದಾದರೂ ದೇಶ ನಿಮಗೆ ವೀಸಾ ನಿರಾಕರಿಸಿದೆಯೇ ಎಂಬ ಪ್ರಶ್ನೆಯ ಮುಂದೆ ಹೌದು ಎಂದು ಗುರುತು ಹಾಕಿ, ನಡೆದದ್ದನ್ನು ತಾರೀಕು ಸಮೇತ ಬರೆದ.

ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಈಗ ಬೇರೆಯವರಿದ್ದಾರೆ. ಅವರು ಎರಡು ಮಧ್ಯಾಹ್ನ ಅವನ ಜತೆ ಕುಳಿತು ಕೆಲಸದ ವಿವರ ಬರೆದುಕೊಂಡರು. ಆ ಪತ್ರ ಬಂದ ರಾತ್ರಿ ಅವನು ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದ. ಒಂದೊಂದು ಸಾಲಿಗೂ ‘ಹೌದು, ಇದು ಮಾಡಿದ್ದೇನೆ’ ಅನ್ನುತ್ತಾ ಹೋದ. ಒಂಬತ್ತನೆಯ ಸಾಲಿಗೆ ಸುಮ್ಮನಾದ. ಮತ್ತೊಮ್ಮೆ ಓದು ಅಂದ. ಓದಿದೆ.

‘ಇದು ನಾನು ಮಾಡಿದ್ದಲ್ಲ, ಪಕ್ಕದ ಟೀಮಿನವರು ಮಾಡಿದ್ದು’ ಅಂದ.

ಮಾರನೆಯ ಬೆಳಿಗ್ಗೆ ಆ ಸಾಲು ತೆಗೆಸಲು ಪತ್ರ ಹಿಡಿದು ಎಚ್‌ಆರ್ ಕಚೇರಿಗೆ ಹೋದ.